ಹಂಗಾಮಿ

ಮಹಾರಾಷ್ಟ್ರದ ಗಡಿಯೂರು ಯಳವಿಯ ಚಹಾದಂಗಡಿ. ಟ್ಯಾಂಕರಿಗಾಗಿ ಕೊಡಗಳು ಸಾಲುಗಟ್ಟಿವೆ, ಮನುಷ್ಯರಿಗಿಂತ ಶಿಸ್ತಾಗಿ.

ಕಾಕಾ: ನಮ್ಮ ಸಾವಳಗಿಯ ಬಿ.ಡಿ. ಜತ್ತಿಯವರು 1977ರಾಗ ರಾಷ್ಟ್ರಪತಿ ಆಗಿದ್ದರ ಈ ಪಾಳಿ ಇರ್ತಿರಲಿಲ್ಲ ನೋಡ್ ತಮ್ಮಾ.

ತಮ್ಮ: ಆಗಿದ್ರಲ್ಲ ಕಾಕಾ! ಫೆಬ್ರುವರಿಯಿಂದ ಜುಲೈತನಕಾ.

ಕಾಕಾ: ಅದು ಹಂಗಾಮಿ. ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡ್ರು, ಉಪರಾಷ್ಟ್ರಪತಿ ಕುಂತ್ರು. ಬಾಡಿಗಿ ಮನಿ ಇದ್ದಂಗ. ಗ್ವಾಡಿಗೆ ಮಳಿ ಹೊಡಿಯೂ ಹಂಗಿಲ್ಲ.

ತಮ್ಮ: ಒಂದ್ ಮಳಿ ಹಿಡಿದಿದ್ರಲ್ಲ. ಒಂಬತ್ತು ವಿಧಾನಸಭಾ ವಿಸರ್ಜನೆಗೆ ಸಹಿ ಹಾಕಾಕ ಹಿಂದ-ಮುಂದ ನೋಡಿದ್ರು.

ಕಾಕಾ: ಕಡೀಕೆ ಹಾಕಿದ್ರು. ಆಮ್ಯಾಲ ರಾಷ್ಟ್ರಪತಿ ಚುನಾವಣೆ. 37 ಮಂದಿ ನಾಮಪತ್ರ, 36 ತಿರಸ್ಕಾರ, ಉಳದವ್ರು ಸಂಜೀವ ರೆಡ್ಡಿ. ಅಲ್ಲೆ ಜತ್ತಿಯವರ ಹೆಸರಿತ್ತಂತ ತಿಳಿ. ಗಡಿ ತಂಟೆದ ಮಹಾಜನ ವರದಿ ಜಾರಿ, ನಮ್ಮೂರು ಕರ್ನಾಟಕಕ್ಕ, ಮನಿಮನಿಗೆ ಕೃಷ್ಣಾ ನೀರು!

ತಮ್ಮ: 1958ರಿಂದ ನಾಕು ವರ್ಷ ಮೈಸೂರು ಮುಖ್ಯಮಂತ್ರಿ ಇದ್ದಾಗಽ ನೀರು ಬರಲಿಲ್ಲ. ರಾಷ್ಟ್ರಪತಿ ಏನ್ ನಳ ತಿರುವ್ತಾರ?

ಕಾಕಾ: (ಬಶಿ ಊದುತ್ತ) ಕನಸಿನಾಗೂ ಸಂವಿಧಾನ ತರ್ತೀಯಲ್ಲೋ!

ಹಾರ್ನ್ ಕೇಳಿತು.

ತಮ್ಮ: ಓಡ್ರಿ! ನಿಮ್ಮ ಕೊಡ ಎಲ್ಲೈತಿ?

ಕಾಕಾ: ಮನ್ಯಾಗ. ಪಾಳೇದಾಗಿನ ಆ ಕಲ್ಲು ನಂದು. ಹಂಗಾಮಿ.