ಮೂರನೆಯ ಸಾಲಿನ ಪ್ರಶ್ನೆ: ಒಂದು ಮೀಮಾಂಸೆ

ಕಾನೂನು ಕಾಲೇಜಿನ ವಿದ್ಯಾರ್ಥಿ ಸಂಘವು ಹೊರಗಿನಿಂದ ವಿದ್ವಾಂಸರೊಬ್ಬರನ್ನು ಕರೆಸಿ ಏಕಕಾಲ ಚುನಾವಣೆಯ ಮೇಲೋ ರಾಜ್ಯಪಾಲರ ಅಂಕಿತದ ಮೇಲೋ ಮಾತಾಡಿಸುತ್ತದೆ. ಮಾತು ಮುಗಿದ ಮೇಲೆ ಮೂರನೆಯ ಸಾಲಿನಿಂದ ಒಬ್ಬನು ಎದ್ದು, ಮೈಕು ಹಿಡಿದು, ತನ್ನದು ಪ್ರಶ್ನೆಯಲ್ಲ, ಸಣ್ಣದೊಂದು ಅಭಿಪ್ರಾಯ ಎಂದು ಶುರುಮಾಡುತ್ತಾನೆ, ಅಭಿಪ್ರಾಯ ಸಣ್ಣದಾಗಿರುವುದಿಲ್ಲ. ಇವೆರಡರಲ್ಲಿ ಪ್ರಧಾನ ಯಾವುದು, ಅಂಗ ಯಾವುದು? ಉಪನ್ಯಾಸವೇ ಪ್ರಧಾನ, ಪ್ರಶ್ನೆ ಅದರ ಬಾಲ ಎಂದು ಲೋಕ ನಂಬಿಕೊಂಡಿದೆ. ಈ ನಂಬಿಕೆ ತಲೆಕೆಳಗಾಗಿದೆ, ಮೂರನೆಯ ಸಾಲಿನವನು ಎದ್ದು ಮಾತಾಡಲೆಂದೇ ಉಪನ್ಯಾಸ ಹುಟ್ಟಿದೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ವಿಚಾರಕ್ಕೆ ಹೈದರಾಬಾದನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. 1998ರಲ್ಲಿ ಶಾಸನದ ಮೂಲಕ ಸ್ಥಾಪನೆಯಾದ ನಲ್ಸಾರ್ ಕಾನೂನು ವಿಶ್ವವಿದ್ಯಾಲಯ ಊರಿನ ಉತ್ತರಕ್ಕೆ ಶಾಮೀರ್‌ಪೇಟೆಯಲ್ಲಿದೆ. 1920ರಲ್ಲಿ ನಿಜಾಮರು ಉದ್ಘಾಟಿಸಿದ ಹೈಕೋರ್ಟು ಮೂಸಿ ದಂಡೆಯಲ್ಲಿದೆ. ಹೊಸ ಹೈಕೋರ್ಟಿಗೆ 2024ರಲ್ಲಿ ಶಂಕುಸ್ಥಾಪನೆಯಾದದ್ದು ಇನ್ನೂ ದಕ್ಷಿಣದ ರಾಜೇಂದ್ರನಗರದಲ್ಲಿ. ಕಾನೂನು ಕಲಿಯುವ ಜಾಗದಿಂದ ಕಾನೂನು ನಡೆಯುವ ಜಾಗ ವರ್ಷೇವರ್ಷೇ ದೂರ ಸರಿಯುವ ಈ ಊರಿನಲ್ಲಿ ಉಪನ್ಯಾಸಕರು ಬಂದು ಮುಟ್ಟುವುದೇ ಒಂದು ಅಪೂರ್ವ. ಆದರೆ ಇಲ್ಲಿನ ವಿಚಾರ ಜಾತಿಯನ್ನು ಕುರಿತದ್ದು, ವ್ಯಕ್ತಿಯನ್ನು ಕುರಿತದ್ದಲ್ಲ. ಯಾವ ಸಂಘವೂ ಇದು ತನ್ನ ಮೇಲೆಯೇ ಎಂದು ತಿಳಿದು ಮಾನನಷ್ಟದ ನೋಟೀಸು ಕಳಿಸಬೇಕಾಗಿಲ್ಲ. ಕಳಿಸಿದರೂ ಅಭ್ಯಾಸವಾದೀತು.

ವಿಧಾನದ ಮಾತು. ವಾಕ್ಯದ ತಾತ್ಪರ್ಯ ಎಲ್ಲಿದೆ ಎಂದು ಪತ್ತೆಹಚ್ಚಲು ಮೀಮಾಂಸಕರಾದ ನಮ್ಮ ಹಿರಿಯರು ಆರು ಲಿಂಗಗಳನ್ನು, ಎಂದರೆ ಗುರುತುಗಳನ್ನು, ಹೇಳಿದ್ದಾರೆ: ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಯಜ್ಞಯಾಗಗಳ ಸಾಮಗ್ರಿಯನ್ನು ಸೆಮಿನಾರು ಹಾಲಿಗೆ ತರುವುದು ಸರಿಯೇ ಎಂದು ಕೇಳುವವರು ಕಾನೂನಿನ ಚರಿತ್ರೆ ಓದಿದವರಲ್ಲ. ಕಿಶೋರಿಲಾಲ್ ಸರ್ಕಾರ್ 1905ರ ಟ್ಯಾಗೋರ್ ಕಾನೂನು ಉಪನ್ಯಾಸಗಳನ್ನು ಮೀಮಾಂಸಾ ನ್ಯಾಯಗಳ ಮೇಲೆಯೇ ಕೊಟ್ಟರು. ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವನ್ನು ತಮ್ಮ ತೀರ್ಪುಗಳಲ್ಲಿ ಬಳಸಿದರು. ಅದಕ್ಕೂ ಎಂಟುನೂರು ವರ್ಷ ಹಿಂದೆ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಕೂತು ಮಿತಾಕ್ಷರವನ್ನು ಬರೆದದ್ದೂ ಇದೇ ಸಲಕರಣೆಯಿಂದ. ಆ ಕಲ್ಯಾಣ, ಈಗಿನ ಬಸವಕಲ್ಯಾಣ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇತ್ತಾದ್ದರಿಂದ ಅಧಿಕಾರವ್ಯಾಪ್ತಿಯ ತಕರಾರೂ ಏಳದು. ಅಣ್ಣತಮ್ಮಂದಿರ ನಡುವೆ ಹೊಲ ಹಂಚಿದ ಶಾಸ್ತ್ರವು ಉಪನ್ಯಾಸಕ ಮತ್ತು ಪ್ರಶ್ನಕನ ನಡುವೆ ತೊಂಬತ್ತು ನಿಮಿಷ ಹಂಚಲಾರದೆ?

ಮೊದಲು ಉಪಕ್ರಮೋಪಸಂಹಾರ. ಆರಂಭವೂ ಅಂತ್ಯವೂ ಯಾವುದನ್ನು ಹೇಳುತ್ತವೆಯೋ ಅದರಲ್ಲಿಯೇ ತಾತ್ಪರ್ಯ. ಸಂಚಾಲಕಿ ಮೈಕಿನ ಮುಂದೆ ನಿಂತು ಮೊದಲು ಹೇಳುವುದು ಪ್ರಶ್ನೆಗಳಿಗೆ ಧಾರಾಳ ಸಮಯವಿಡುತ್ತೇವೆ ಎಂದು. ಕೊನೆಗೆ ಹೇಳುವುದು ಇನ್ನೊಂದೇ ಪ್ರಶ್ನೆಗೆ ಅವಕಾಶ ಎಂದು. ಎರಡು ತುದಿಯಲ್ಲೂ ಪ್ರಶ್ನೆಯೇ ನಿಂತಿದೆ, ಉಪನ್ಯಾಸ ನಡುವೆ ಸಿಕ್ಕಿಕೊಂಡಿದೆ. ಅಭ್ಯಾಸವೆಂದರೆ ಮತ್ತೆ ಮತ್ತೆ ಹೇಳುವುದು: ದಯವಿಟ್ಟು ಚಿಕ್ಕದಾಗಿ ಕೇಳಿ ಎಂಬ ವಾಕ್ಯದಷ್ಟು ಆವೃತ್ತಿಯಾಗುವ ವಾಕ್ಯ ಆ ಸಂಜೆ ಇನ್ನೊಂದಿಲ್ಲ, ಅಷ್ಟು ನಿಷ್ಫಲವಾದದ್ದೂ ಇನ್ನೊಂದಿಲ್ಲ. ಅಪೂರ್ವತೆಯ ವಿಷಯದಲ್ಲಂತೂ ಸಂಶಯವೇ ಬೇಡ. ಬೇರೆ ಪ್ರಮಾಣದಿಂದ ಗೊತ್ತಾಗುವುದನ್ನು ಹೇಳಲು ಶ್ರುತಿ ಬೇಕಿಲ್ಲ ಎಂಬುದು ಮೀಮಾಂಸಕರ ಹಟ. ಏಕಕಾಲ ಚುನಾವಣೆಯ ಬಗ್ಗೆ ಕೋವಿಂದ್ ಸಮಿತಿ 2024ರ ಮಾರ್ಚಿನಲ್ಲಿ ಕೊಟ್ಟ ವರದಿ 18,626 ಪುಟ. ಅದರ ಮೇಲೆ ನಲವತ್ತು ನಿಮಿಷದಲ್ಲಿ ವಿದ್ವಾಂಸರು ಹೇಳುವುದೆಲ್ಲ ಹಿಂದಿನ ಭಾನುವಾರದ ಅವರದೇ ಅಂಕಣದಲ್ಲಿ ಸಿಗುತ್ತದೆ. ಮೂರನೆಯ ಸಾಲಿನವನು ಹೇಳುವುದು ಮಾತ್ರ ವರದಿಯಲ್ಲಿಲ್ಲ, ಅಂಕಣದಲ್ಲಿಲ್ಲ, ಈಗತಾನೆ ಮುಗಿದ ಉಪನ್ಯಾಸದಲ್ಲೂ ಇಲ್ಲ. ಇದಕ್ಕಿಂತ ಶುದ್ಧವಾದ ಅಪೂರ್ವತೆ ವೇದದಲ್ಲೂ ದುರ್ಲಭ.

ಇನ್ನು ಅರ್ಥವಾದ, ಈ ಪ್ರಬಂಧದ ಕಂಬ ಇದೇ. ಐಶ್ವರ್ಯ ಬೇಕಾದವನು ವಾಯುವಿಗೆ ಬಿಳಿಯ ಪಶುವನ್ನು ಅರ್ಪಿಸಬೇಕೆಂಬುದು ವಿಧಿ. ವಾಯುವು ಅತಿ ವೇಗದ ದೇವತೆ ಎಂಬುದು ಅದರ ಪಕ್ಕದ ವಾಕ್ಯ. ಗಾಳಿ ಜೋರಾಗಿ ಬೀಸುತ್ತದೆ ಎಂದು ತಿಳಿಸಲು ವೇದ ಬೇಕೆ? ಮೀಮಾಂಸಾಸೂತ್ರಕಾರ ಜೈಮಿನಿಯ ಮತದಲ್ಲಿ ಅಂಥ ವಾಕ್ಯಕ್ಕೆ ಸ್ವಂತ ತಾತ್ಪರ್ಯವಿಲ್ಲ. ವಿಧಿಯನ್ನು ಹೊಗಳಿ ಕರ್ತೃವನ್ನು ಹುರಿದುಂಬಿಸುವುದಷ್ಟೇ ಅದರ ಕೆಲಸ. ಸಂವಿಧಾನದ 21ನೆಯ ವಿಧಿಯ ವ್ಯಾಪ್ತಿ ಬಹಳ ದೊಡ್ಡದು ಎಂಬ ಉಪನ್ಯಾಸವೂ ಇದೇ ಜಾತಿಯದು. ಮೂರನೆಯ ಸಾಲಿನವನು ಏಳತಕ್ಕದ್ದು ಎಂಬ ಅಲಿಖಿತ ವಿಧಿಗೆ ಅದು ನಲವತ್ತು ನಿಮಿಷದ ಸ್ತುತಿ. ಸಾಕ್ಷಿ ಬೇಕಾದರೆ ಉಪನ್ಯಾಸಕರ ಬಾಯಿಂದಲೇ ಬರುತ್ತದೆ: ಪ್ರಶ್ನೆ ಮುಗಿದೊಡನೆ ಅವರು, ಬಹಳ ಒಳ್ಳೆಯ ಪ್ರಶ್ನೆ, ಎನ್ನುತ್ತಾರೆ. ಯಾರು ಯಾರನ್ನು ಹೊಗಳುತ್ತಾರೆಂಬುದರಿಂದ ಯಾರು ಯಾರಿಗೆ ಅಂಗ ಎಂದು ಗೊತ್ತಾಗುತ್ತದೆ. ಪ್ರಶ್ನಕನೂ ಆರಂಭದಲ್ಲಿ ಉಪನ್ಯಾಸ ಕಣ್ಣು ತೆರೆಸಿತೆನ್ನುತ್ತಾನಲ್ಲ ಎಂದರೆ, ಅದು ಮಂಗಳಾಚರಣೆ. ಕೋರ್ಟಿನಲ್ಲಿ ಘನ ನ್ಯಾಯಾಲಯವೆಂದ ಮಾತ್ರಕ್ಕೆ ವಕೀಲನಿಗೆ ನ್ಯಾಯಾಲಯ ಘನವೆನಿಸಿದೆ ಎಂದು ಯಾರೂ ಅರ್ಥ ಮಾಡುವುದಿಲ್ಲ.

ಇಲ್ಲಿ ಪೂರ್ವಪಕ್ಷಿಗಳು ಏಳುತ್ತಾರೆ. ಸಮೋಸಾವಾದಿಗಳ ಪ್ರಕಾರ ಸಭೆಯ ಪ್ರಧಾನ ಉಪನ್ಯಾಸವೂ ಅಲ್ಲ ಪ್ರಶ್ನೆಯೂ ಅಲ್ಲ, ಹೊರಗಿನ ಮೇಜಿನ ಮೇಲಿರುವ ಈರುಳ್ಳಿ ಸಮೋಸ, ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು. ಈ ಪಕ್ಷಕ್ಕೆ ಶಿಷ್ಟಾಚಾರದ ಬೆಂಬಲವಿದೆಯೆಂದು ಒಪ್ಪಬೇಕು. 1888ರಲ್ಲಿ ಲಂಡನ್ನಿಗೆ ಹೋದ ಗಾಂಧಿ ಇನ್ನರ್ ಟೆಂಪಲ್‌ನಲ್ಲಿ ಬ್ಯಾರಿಸ್ಟರಾಗಲು ಪರೀಕ್ಷೆಯ ಜೊತೆಗೆ ನಿಗದಿಯಾದಷ್ಟು ಊಟಗಳಿಗೂ ಹಾಜರಾಗಬೇಕಿತ್ತು. ಕಾನೂನಿನ ಹಳೆಯ ಮನೆಯಲ್ಲಿ ಭೋಜನವೇ ವ್ಯಾಸಂಗದ ಲೆಕ್ಕ. ಆದರೂ ಪಕ್ಷ ನಿಲ್ಲುವುದಿಲ್ಲ. ಸಮೋಸ ಹಂಚುವುದು ಪ್ರಶ್ನೋತ್ತರದ ನಂತರ. ಭೋಜನವೇ ಪ್ರಧಾನವಾಗಿದ್ದರೆ ಹಸಿದವರ ನಡುವೆ ಯಾರೂ ಎದ್ದು ಭೋಜನವನ್ನು ತಡಮಾಡುತ್ತಿರಲಿಲ್ಲ. ಏಳುತ್ತಾರೆ, ಸಮೋಸ ತಣ್ಣಗಾಗುತ್ತದೆ, ಇನ್ನೊಬ್ಬರೂ ಏಳುತ್ತಾರೆ. ಯಾವುದಕ್ಕಾಗಿ ಯಾವುದು ತಣ್ಣಗಾಗುತ್ತದೆಯೋ ಅದು ಅದಕ್ಕೆ ಶೇಷ, ಎಂದರೆ ಅಂಗ. ಹಾಜರಿಗಾಗಿಯೇ ಸಭೆ ಎನ್ನುವ ಹಾಜರಿವಾದಿಗಳನ್ನು ಬೇಗ ಮುಗಿಸಬಹುದು: ಬಾರ್ ಕೌನ್ಸಿಲಿನ 2008ರ ನಿಯಮಗಳು ಕೇಳುವ ಶೇಕಡಾ 70 ಹಾಜರಿ ತರಗತಿಗೆ ಸಂಬಂಧಿಸಿದ್ದು, ಸಂಜೆಯ ಸಭೆಗಲ್ಲ.

ಗಟ್ಟಿಯಾದ ಎದುರಾಳಿ ಫಲವಾದಿ. 1982ರಲ್ಲಿ ಅಮೆರಿಕದ ಕೆಲವು ಕಾನೂನು ವಿದ್ಯಾರ್ಥಿಗಳು ಸೇರಿ ಫೆಡರಲಿಸ್ಟ್ ಸೊಸೈಟಿ ಕಟ್ಟಿದರು, ಕಾಲೇಜು ಕಾಲೇಜಿನಲ್ಲಿ ಉಪನ್ಯಾಸ ಮತ್ತು ವಾಗ್ವಾದ ಏರ್ಪಡಿಸಿದರು, ಇಂದು ಅಲ್ಲಿನ ಸುಪ್ರೀಂ ಕೋರ್ಟಿನ ಬಹುಮತಕ್ಕೆ ಆ ಬಳಗದ ನಂಟಿದೆ. ಆದ್ದರಿಂದ ಸಭೆಯ ಫಲ ದೇಶದ ಕಾನೂನನ್ನೇ ತಿರುಗಿಸುವುದು ಎನ್ನುತ್ತಾನೆ ಆತ. ಉತ್ತರ: ಅಲ್ಲಿ ಅಧ್ಯಕ್ಷರು ನ್ಯಾಯಮೂರ್ತಿಗಳನ್ನು ಹೆಸರಿಸುತ್ತಾರೆ, ಹೆಸರು ಪಿಸುಗುಟ್ಟಲು ಒಂದು ಕಿವಿ ಇದೆ. ಇಲ್ಲಿ 1993ರ ತೀರ್ಪಿನಿಂದ, ನ್ಯಾಯಮೂರ್ತಿಗಳೇ ನ್ಯಾಯಮೂರ್ತಿಗಳನ್ನು ಆರಿಸುವ ಕೊಲಿಜಿಯಂ ಬಂತು. ಅದನ್ನು ಬದಲಿಸಹೊರಟ ನೇಮಕಾತಿ ಆಯೋಗವನ್ನು 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೊಡೆದುಹಾಕಿತು. ಸಂಸತ್ತಿನ ಮಾತನ್ನೇ ಒಳಗೆ ಬಿಡದ ಕೋಣೆಗೆ ದ್ವಿತೀಯ ವರ್ಷದ ಸಂಚಾಲಕಿಯ ಮಾತು ಹೋಗುವ ದಾರಿ ಯಾವುದು? ಅಮೆರಿಕದ ಫಲಕ್ಕೆ ನಲವತ್ತು ವರ್ಷ ಹಿಡಿಯಿತು. ಇಲ್ಲಿ ಸಂಚಾಲಕಿಯ ಅವಧಿ ಒಂದು ಶೈಕ್ಷಣಿಕ ವರ್ಷ, ಅದರಲ್ಲೂ ಪರೀಕ್ಷೆಯ ತಿಂಗಳುಗಳನ್ನು ಕಳೆಯಬೇಕು. ಹಾಗಾದರೆ ಫಲವೇ ಇಲ್ಲವೆ? ಇದೆ. ಸಭೆಯ ವರದಿಯ ಕೊನೆಯಲ್ಲಿ ಕಾರ್ಯಕ್ರಮವು ಅರ್ಥಪೂರ್ಣ ಪ್ರಶ್ನೋತ್ತರದೊಂದಿಗೆ ಮುಕ್ತಾಯವಾಯಿತೆಂದು ಬರೆದಿರುತ್ತದೆ. ಬರವಣಿಗೆಯಲ್ಲಿ ದಾಖಲಾದ ಫಲ ಅದೊಂದೇ.

ಕೊನೆಯದು ಉಪಪತ್ತಿ, ಎಂದರೆ ಯುಕ್ತಿ. ಐದು ವರ್ಷದ ಕಾನೂನು ಓದಿನಲ್ಲಿ ಅಣಕು ನ್ಯಾಯಾಲಯದ ಸ್ಪರ್ಧೆ ಕಲಿಸುವುದು ಪೀಠದ ಪ್ರಶ್ನೆಗೆ ಉತ್ತರಿಸುವುದನ್ನು. ಪೀಠದಲ್ಲಿ ಕೂತು ಪ್ರಶ್ನೆಯ ವೇಷದಲ್ಲಿ ಅಭಿಪ್ರಾಯ ಹೇಳುವುದನ್ನು ಯಾವ ಪಠ್ಯಕ್ರಮವೂ ಕಲಿಸುವುದಿಲ್ಲ. ಆದರೆ ಭಾರತದ ನ್ಯಾಯಾಂಗದಲ್ಲಿ ಮರುದಿನದ ಪತ್ರಿಕೆಯ ಶೀರ್ಷಿಕೆಯಾಗುವುದು ಅದೇ. ಆದೇಶದಲ್ಲಿ ಮೂರು ಸಾಲೂ ಇಲ್ಲದ ಕಳವಳ ಮೌಖಿಕವಾಗಿ ಮೂರು ಕಾಲಂ ತುಂಬುತ್ತದೆ. ಕೋವಿಡ್ ಕಾಲದಲ್ಲಿ ಮದ್ರಾಸ್ ಹೈಕೋರ್ಟು ಚುನಾವಣಾ ಆಯೋಗದ ಬಗ್ಗೆ ಆಡಿದ ಕಟುಮಾತು ವ್ಯಾಜ್ಯವಾಗಿ, 2021ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಬಾಯಿಮಾತು ತೀರ್ಪಿನ ಭಾಗವಲ್ಲ, ಅಳಿಸಲು ಕಡತದಲ್ಲಿ ಏನೂ ಇಲ್ಲ ಎಂದಿತು. ಕಡತದಲ್ಲಿ ಉಳಿಯದೆ ಊರೆಲ್ಲ ಕೇಳಿಸುವ ಈ ವಿದ್ಯೆಯ ತಾಲೀಮು ನಡೆಯುವ ಏಕೈಕ ಗರಡಿ ಸಂಘದ ಸಭೆಯ ಮೂರನೆಯ ಸಾಲು. ಕನ್ನಡಿಗರಿಗೆ ಇದು ಹೊಸದೂ ಅಲ್ಲ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಸಂವಿಧಾನದ ಪುಸ್ತಕಗಳಿಗೆ ಹೋಗುವ ಮೊದಲೂ ಆಮೇಲೂ ಯಕ್ಷಗಾನದ ದೊಡ್ಡ ಆಶ್ರಯದಾತರಾಗಿದ್ದರು. ಆ ಸೀಮೆಯ ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯ ಅಚ್ಚಾದದ್ದು, ಎಲ್ಲರಿಗೂ ಗೊತ್ತಿದ್ದದ್ದು. ಜನ ಚಾಪೆ ಹಾಸಿ ಕೂರುವುದು ಅರ್ಥಧಾರಿಯು ಎದುರಾಳಿಯನ್ನು ಪ್ರಶ್ನೆಯಿಂದ ಕಟ್ಟಿಹಾಕುವುದನ್ನು ನೋಡಲು. ಉಪನ್ಯಾಸ ಎಂದರೆ ಆ ಪದ್ಯ. ತಾಳಮದ್ದಳೆಯ ಅರ್ಥಧಾರಿಗೆ ಪದ್ಯಕ್ಕೆ ಸಂಬಂಧಪಟ್ಟಂತೆ ಮಾತಾಡುವ ನಿರ್ಬಂಧವಿದೆ ಎಂಬ ಸಣ್ಣ ವ್ಯತ್ಯಾಸವನ್ನು ಇಲ್ಲಿ ಗಣನೆಗೆ ತೆಗೆದುಕೊಂಡಿಲ್ಲ.

ಆರೂ ಲಿಂಗಗಳು ಒಂದೇ ಕಡೆ ಬೆರಳು ತೋರಿಸಿದ ಮೇಲೆ ಉಳಿದದ್ದು ಪ್ರಯೋಗ. ಪ್ರಧಾನವನ್ನು ಮೊದಲು ಮಾಡಿ ಅಂಗವನ್ನು ಸಮಯವಿದ್ದರೆ ಮಾಡುವುದು ಯುಕ್ತ. ಎಂದರೆ ಪ್ರಶ್ನೋತ್ತರ ಮೊದಲು, ಉಪನ್ಯಾಸ ಆಮೇಲೆ. ಕೇಳದ ಉಪನ್ಯಾಸದ ಮೇಲೆ ಪ್ರಶ್ನೆ ಹೇಗೆ ಎಂದು ಆಕ್ಷೇಪಿಸುವವರು ಈಗಿನ ಪ್ರಶ್ನೆಗಳನ್ನು ಗಮನವಿಟ್ಟು ಕೇಳಿಲ್ಲ. ಭಿತ್ತಿಪತ್ರದ ಶೀರ್ಷಿಕೆಯೇ ಅವಕ್ಕೆ ಹೆಚ್ಚಾಗುತ್ತದೆ. ಉಪನ್ಯಾಸಕರೂ ಅಲ್ವಾಲ್, ತಿರುಮಲಗಿರಿಗಳ ವಾಹನಸಂದಣಿ ಕಟ್ಟುವ ಮೊದಲೇ ಸಿಕಂದರಾಬಾದಿಗೆ ಮರಳಬಹುದು. ವಂದನಾರ್ಪಣೆಯ ಸ್ಥಾನವನ್ನು ಮಾತ್ರ ಸದ್ಯಕ್ಕೆ ಮುಟ್ಟಕೂಡದು. ಅದು ಸಭೆಯ ಮೂಲ ಸಂರಚನೆಗೆ ಸೇರಿದ್ದೋ ಇಲ್ಲವೋ ಎಂಬುದನ್ನು, ಸಂವಿಧಾನದ ಮೂಲ ಸಂರಚನೆಯನ್ನು 68 ದಿನ ವಾದ ಕೇಳಿ 1973ರಲ್ಲಿ ಏಳಕ್ಕೆ ಆರರಂತೆ ತೀರ್ಮಾನಿಸಿದ ಕೇಶವಾನಂದ ಪೀಠದ ಮಾದರಿಯಲ್ಲಿ, ಹದಿಮೂರು ಜನ ಕೂತು ನಿರ್ಣಯಿಸಬೇಕು; ಸಂಜೆ ಆರೂವರೆಯ ನಂತರ ಸಭಾಂಗಣದಲ್ಲಿ ಹದಿಮೂರು ಜನ ಇರುವುದಿಲ್ಲ.