ಲೆನ್ಸ್ ಬಿತ್ತು ಅಂತ ಕೈಬಿಡಬೇಡ

ಛತ್ರದಲ್ಲಿ ಧಾರೆ ಹೊತ್ತಿಗೆ ಲೆನ್ಸ್ ಕೈಜಾರಿತಂತೆ, ನಿಮ್ಮಮ್ಮ ಹೇಳಿದ್ರು. ಇಲ್ಲಿ ಕೊಡು ತಮ್ಮಾ, ಕಾಂಪೌಂಡ್ ಮೇಲಿಂದಾನೇ ಕೊಡು, ನೋಡೋಣ. ಓ, ಕ್ಯಾನನ್ 70-200, ಎರಡನೇ ಮಾಡೆಲ್ಲು. ಇದನ್ನ ಮೂಲೆಗೆ ಹಾಕಿ ಹೊಸದಕ್ಕೆ ಸಾಲ ಮಾಡ್ತೀಯಾ? ತಡಿ, ಆತುರ ಬೇಡ.

ಫಿಲ್ಟರ್ ರಿಂಗ್ ಸೊಟ್ಟಗಾಗಿದೆ. ಪೆಟ್ಟನ್ನೆಲ್ಲ ಅದೇ ತಿಂದಿದ್ರೆ ನಿನ್ನ ಪುಣ್ಯ. ಈ ಗೀರಿಗೆ ಎದೆ ಒಡ್ಕೋಬೇಡ. ಮುಂದಿನ ಗಾಜಿನ ಸಣ್ಣ ಗೀರು ಫೋಟೋದಲ್ಲಿ ಕಾಣೋದೇ ಅಪರೂಪ. ಕ್ಯಾಮೆರಾ ಕಡೆಗಿರೋ ಹಿಂದಿನ ಗಾಜಲ್ಲಿ ಗೀರು ಬಿದ್ದಿದ್ರೆ ನಾನೂ ಯೋಚನೆ ಮಾಡ್ತಿದ್ದೆ.

ನನಗೆ ಭಯ ಇರೋದು ಒಳಗಿಂದು. ಇದರಲ್ಲಿ 23 ಗಾಜು, 19 ಗುಂಪಾಗಿ ಕೂತಿವೆ. ಒಂದು ಕೂದಲೆಳೆಯಷ್ಟು ವಾಲಿದ್ರೂ ಚಿತ್ರದ ಒಂದು ಮಗ್ಗುಲು ಕೆಡತ್ತೆ. ಇವತ್ತೇ ಒಂದು ಕೆಲಸ ಮಾಡು. ಗೋಡೆಗೆ ನ್ಯೂಸ್‌ಪೇಪರ್ ಬಿಗಿಯಾಗಿ ಅಂಟಿಸಿ, ಟ್ರೈಪಾಡನ್ನ ನೇರ ಎದುರಿಗೆ ಇಟ್ಟು, ಅಪರ್ಚರ್ 2.8ಕ್ಕೇ ಬಿಟ್ಟು ಹೊಡಿ. 70ರಲ್ಲೊಂದು, 200ರಲ್ಲೊಂದು. ನಾಲ್ಕೂ ಮೂಲೆ ದೊಡ್ಡದು ಮಾಡಿ ನೋಡು. ಎಡಗಡೆ ಅಕ್ಷರ ಓದೋ ಹಾಗಿದ್ದು, ಬಲಗಡೆ ಹಿಂಜಿದ ಹತ್ತಿ ಥರ ಕಂಡ್ರೆ ಒಳಗೆ ಅಲುಗಿದೆ ಅಂತಲೇ. 8ಕ್ಕೆ ಮುಚ್ಚಿ ಹೊಡೆದು ಸರಿಯಾಗಿದೆ ಅಂತ ಸಮಾಧಾನ ಪಟ್ಕೋಬೇಡ, ಅಪರ್ಚರ್ ಮುಚ್ಚಿದಷ್ಟೂ ಆ ದೋಷ ಅಡಗಿ ಕೂರತ್ತೆ.

ಹಾಗೇ ಹಿಂದಿನಿಂದ ಟಾರ್ಚ್ ಬಿಟ್ಟು ನೋಡು. ಧೂಳಿದ್ರೆ ಇರಲಿ. ಅಂಚಿಂದ ಎಳೆ ಎಳೆಯಾಗಿ ಹಬ್ಬಿದ್ರೆ ಅದು ಫಂಗಸ್ಸು, ನಮ್ಮ ಮಳೆಗಾಲದ ಶಾಪ. ಈಗಷ್ಟೇ ಶುರುವಾಗಿದ್ರೆ ಬಿಚ್ಚಿ ಒರೆಸಬಹುದು. ಗಾಜಿನ ಕೋಟಿಂಗನ್ನೇ ತಿಂದಿದ್ರೆ ಒರೆಸಿದ್ರೂ ಕಲೆ ಹೋಗಲ್ಲ, ಅಂಥದಕ್ಕೆ ದುಡ್ಡು ಸುರಿಯೋದು ದಂಡ.

ಇನ್ನು ದುಡ್ಡಿನ ಮಾತು. ರಿಪೇರಿ ಖರ್ಚನ್ನ ಹೊಸ ಲೆನ್ಸ್ ಬೆಲೆ ಜೊತೆ ತೂಗಬೇಡ, ಎಲ್ಲರೂ ಎಡವೋದು ಅಲ್ಲೇ. ಇದೇ ಮಾಡೆಲ್ ಸೆಕೆಂಡ್ ಹ್ಯಾಂಡಲ್ಲಿ ಎಷ್ಟಕ್ಕೆ ಸಿಗತ್ತೆ ಅಂತ ವಿಚಾರಿಸು. 2018ರಲ್ಲಿ ಆರ್‌ಎಫ್ ಮೌಂಟ್ ಬಂದ ಮೇಲೆ ಜನ ಮಿರರ್‌ಲೆಸ್ ಕಡೆ ಹೊರಟು ಹಳೇ ಇಎಫ್ ಲೆನ್ಸಿನ ಬೆಲೆ ಇಳಿದಿದೆ. ರಿಪೇರಿ ಆ ಬೆಲೆಯ ಅರ್ಧದೊಳಗೆ ಮುಗಿಯತ್ತಾ, ಕಣ್ಮುಚ್ಚಿ ಮಾಡಿಸು. ನಾಳೆ ನೀನೂ ಮಿರರ್‌ಲೆಸ್ ಬಾಡಿ ತಗೊಂಡ್ರೆ ಅಡಾಪ್ಟರ್ ಹಾಕಿ ಇದನ್ನೇ ಬಳಸಬಹುದು. ಅದೇ 2018ರಲ್ಲಿ ಇದರ ಮೂರನೇ ಮಾಡೆಲ್ ಬಂತಲ್ಲ, ಅದರಲ್ಲೂ ಗಾಜಿನ ಜೋಡಣೆ ಇದೇ ಕಣೋ, ಸುಧಾರಿಸಿದ್ದು ಮುಖ್ಯವಾಗಿ ಕೋಟಿಂಗು. ಇಂಥ ಗಾಜನ್ನ ಒಂದು ರಿಂಗಿಗೋಸ್ಕರ ಬಿಸಾಡೋದು ನನಗಂತೂ ಸಂಕಟ.

ಸರ್ವೀಸ್‌ಗೆ ಕೊಡೋ ಮುಂಚೆ ಈ ಮಾಡೆಲ್ಲಿಗೆ ಪಾರ್ಟ್ಸ್ ಇನ್ನೂ ಬರ್ತಿದೆಯಾ ಕೇಳು. ಬಿಚ್ಚಿ ನೋಡೋಕೆ ಎಷ್ಟು, ರಿಪೇರಿ ಬೇಡ ಅಂದ್ರೂ ಅದನ್ನ ಕೊಡಬೇಕಾ, ಅದನ್ನೂ ಬರೆಸ್ಕೋ. ಭಾನುವಾರದ ಮದುವೆಗೆ ಯಾರ ಹತ್ರನಾದ್ರೂ ಬಾಡಿಗೆಗೆ ತಗೊ. ಈಗ ಒಳಗೆ ಹೋಗಿ ಪೇಪರ್ ಅಂಟಿಸು, ಬೆಳಕು ಇರುವಾಗಲೇ.