ಗಾಲಿ ಇದ್ದ ವರಾಹ

ಮದ್ದೂರಿನಲ್ಲಿ ಹುಟ್ಟಿದವನು ಪಕ್ಕದ ಚನ್ನಪಟ್ಟಣದ ಬೊಂಬೆಯನ್ನು ದುಡ್ಡು ಕೊಟ್ಟು ಕೊಳ್ಳುವುದೇ? ನಿವೃತ್ತನಾಗಿ ಚೆನ್ನೈನ ತಿರುವಾನ್ಮಿಯೂರಿನ ಫ್ಲ್ಯಾಟಿನಲ್ಲಿ ಸಮುದ್ರದ ಗಾಳಿ ಕುಡಿಯುತ್ತ ಕೂತಿದ್ದಾಗ ಈ ಸ್ವಾಭಿಮಾನ ನನ್ನ ತಲೆ ಹೊಕ್ಕಿತು. ಮೊಮ್ಮಗನಿಗೆ ಎಳೆದಾಡುವ ಮರದ ಆನೆಯನ್ನು ನಾನೇ ಮಾಡಿಕೊಡುತ್ತೇನೆಂದು ಸಾರಿದೆ. "ಆನ್‌ಲೈನಲ್ಲಿ ಇನ್ನೂರು ರೂಪಾಯಿಗೆ ಬರುತ್ತೆ ಅಪ್ಪ" ಎಂದಳು ಮಗಳು. ಆ ಒಂದು ಮಾತಿಗಾಗಿಯೇ ಡ್ರಿಲ್ ಮೆಷಿನ್, ಜಿಗ್‌ಸಾ, ಉಳಿಗಳು, ಕ್ಲ್ಯಾಂಪುಗಳು ಎಲ್ಲ ಬಂದವು. ಒಂದು ಆನೆಗೆ ಎಷ್ಟು ಬಿತ್ತೆಂಬ ಲೆಕ್ಕ ನನ್ನ ಹೆಂಡತಿಯ ಹತ್ತಿರ ಇದೆ. ಕೇಳದಿದ್ದರೂ ಹೇಳುತ್ತಾಳೆ.

ಚನ್ನಪಟ್ಟಣದವರು ಬಳಸುವುದು ಆಲೆ ಮರ. ಬೆಳ್ಳಗೆ, ಮೆತ್ತಗೆ, ಕಡೆಯಲು ಹೇಳಿ ಮಾಡಿಸಿದ್ದು. ತಮಿಳಿನಲ್ಲಿ ಅದು ವೆಟ್ಪಾಲೈ ಎಂದು ತಿಳಿದುಕೊಂಡು ವಾಲ್‌ಟ್ಯಾಕ್ಸ್ ರಸ್ತೆಯ ಮರದಂಗಡಿಗೆ ಹೋದೆ. ಅಂಗಡಿಯಾತ ನನ್ನ ಮೊಣಕೈಯನ್ನೂ ಕುತ್ತಿಗೆಯನ್ನೂ ಒಮ್ಮೆ ನೋಡಿ, ಬಹಳ ಮರುಕದಿಂದ ಸಿದ್ಧವೈದ್ಯದ ಅಂಗಡಿಗೆ ದಾರಿ ಹೇಳಿದ. ಸೋರಿಯಾಸಿಸ್‌ಗೆ ಹಚ್ಚುವ ಎಣ್ಣೆಯನ್ನು ಇಲ್ಲಿ ಅದರ ಎಲೆಯಿಂದಲೇ ಮಾಡುವುದು. ಚರ್ಮ ಚೆನ್ನಾಗಿದೆ ಎಂದು ಒಪ್ಪಿಸಿದ ಮೇಲೆ, ಯಾವುದೋ ಹಳೇ ಮನೆ ಕೆಡವಿದಾಗ ಬಂದ ಬರ್ಮಾ ತೇಗದ ತುಂಡು ಕೊಟ್ಟು ಕಳಿಸಿದ.

ಬಣ್ಣದ ಕತೆ ಬೇರೆ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಕೂರುತ್ತದೆ, ಮೇಲೆ ಗರಿಯಲ್ಲಿ ತಿಕ್ಕಿದರೆ ಮುಖ ಕಾಣುವಷ್ಟು ಹೊಳಪು. ಗಾಲಿಗಳನ್ನು ಡ್ರಿಲ್ಲಿಗೆ ಸಿಕ್ಕಿಸಿ ನಾನೂ ಅದನ್ನೇ ಮಾಡಿದೆ. ಗಾಲಿಗೆ ಹತ್ತಿದ್ದಕ್ಕಿಂತ ಹೆಚ್ಚು ನನ್ನ ಕನ್ನಡಕಕ್ಕೆ ಹತ್ತಿತು. ಆದರೆ ಚಪ್ಪಟೆ ಆನೆಯನ್ನು ತಿರುಗಿಸುವುದು ಹೇಗೆ? ಅಟ್ಟದಲ್ಲಿ ಕಿಟಕಿಯ ಸರಳಿಗೆ ಬಳಿದು ಉಳಿದ ಎನಾಮೆಲ್ ಡಬ್ಬಿಯೊಂದಿತ್ತು. ಮುಚ್ಚಳದ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿದವನು ಅಲ್ಲೇ ನಿಲ್ಲಿಸಿದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಡಬ್ಬಿ ಅದಕ್ಕಿಂತ ಹಳೆಯದು. ಈ ಹುಡುಗನಿಗೋ ಜಗತ್ತಿನ ಪರಿಚಯವೆಲ್ಲ ನಾಲಿಗೆಯಿಂದ. ಸೀಸ ಮಗುವಿನ ಮಿದುಳಿಗೆ ಮಾಡಿದ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ನಾವು ಚಿಕ್ಕವರಿದ್ದಾಗ ಬಣ್ಣದ ತೊಟ್ಟಿಲು, ಬುಗುರಿ, ಗಿಲಕಿ ಎಲ್ಲವನ್ನೂ ಕಚ್ಚಿದವರೇ. ಯಾರ ತಲೆಯಿಂದ ಎಷ್ಟು ಸೋರಿತೋ, ಲೆಕ್ಕ ಇಟ್ಟವರು ಯಾರು? ಡಬ್ಬಿಯನ್ನು ಹಾಗೇ ಮೇಲಿಟ್ಟು, ಮೈಗೆ ಬರೀ ಕೊಬ್ಬರಿ ಎಣ್ಣೆ ಸವರಿದೆ. ದಂತ ಅಂಟಿಸುವ ಆಸೆಗೂ ಇವಳು ಕಲ್ಲು ಹಾಕಿದಳು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಿಂದ ಬಿಡಿಭಾಗ ಕಳಚಿ ಬಂದರೆ ಅದು 31.7 ಮಿಲಿಮೀಟರ್ ಬಾಯಿಯ ಕೊಳವೆಯೊಳಗೆ ಪೂರ್ತಿ ಇಳಿಯಬಾರದೆಂದು ನಿಯಮವಿದೆಯಂತೆ. ಎಲ್ಲಿಂದಲೋ ಓದಿಕೊಂಡು ಬಂದಿದ್ದಳು. ಅದಕ್ಕೇ ದಂತಗಳನ್ನು ಮೂತಿಯ ಪಕ್ಕಕ್ಕೆ ಬಿಳಿ ನೀರುಬಣ್ಣದಲ್ಲಿ ಬರೆದದ್ದಾಯಿತು.

ಇಷ್ಟೆಲ್ಲ ಆದ ಮೇಲೆ ಸೊಂಡಿಲು ಮುರಿಯಿತು. ಮರದ ಎಳೆ ಬೆನ್ನಿನುದ್ದಕ್ಕೆ ಹರಿದಿತ್ತು, ಸೊಂಡಿಲು ಅದಕ್ಕೆ ಅಡ್ಡವಾಗಿ ಇಳಿಬಿದ್ದಿತ್ತು. ಬಡಗಿಯ ಮನೆಯ ಬೆಕ್ಕಿಗೂ ಗೊತ್ತಿರುವ ವಿಷಯವಂತೆ ಇದು. ಗಾಲಿಯೂ ಉರುಳಲಿಲ್ಲ. ಕಡಲ ತೇವಕ್ಕೆ ಅಚ್ಚಿನ ಕಡ್ಡಿ ಉಬ್ಬಿ ತೂತನ್ನು ಬಿಗಿಹಿಡಿದಿತ್ತು. ಹಗ್ಗ ಕಟ್ಟಿ ಎಳೆದರೆ ಪ್ರಾಣಿ ನೆಲ ಕೆರೆಯುತ್ತ, ಸಾಲಗಾರ ಬ್ಯಾಂಕಿಗೆ ಬರುವ ಹಾಗೆ ಬರುತ್ತಿತ್ತು.

ಆಗ ಬಂದವರು ಎದುರು ಮನೆ ಮಾಮಿ. ಕೈಗೆತ್ತಿಕೊಂಡು, ತಿರುಗಿಸಿ, ಕಣ್ಣಿಗೊತ್ತಿಕೊಂಡರು. "ಸಾರ್, ಇದು ವರಾಹಂ ತಾನೇ?"

ಮಾಮಿಯ ದಶಾವತಾರದ ಸೆಟ್ಟಿನಲ್ಲಿ ಮಣ್ಣಿನ ವರಾಹ ಹೋದ ವರ್ಷ ಕಟ್ಟಿಡುವಾಗಲೇ ಚೂರಾಗಿತ್ತಂತೆ. ನಾನು ಮೊಂಡು ಮೂತಿಯನ್ನೂ ಬಿಳಿ ದಂತವನ್ನೂ ನೋಡಿದೆ. ದೇವರಾಣೆ, ಹಂದಿಯೇ. "ಹೌದು" ಎಂದುಬಿಟ್ಟೆ. ಇವಳು ಅಡುಗೆಮನೆಗೆ ಹೋಗಿ ಕೆಮ್ಮಿದಳು.

ನವರಾತ್ರಿಯ ಒಂದು ಸಂಜೆ ಮಾಮಿಯ ಮನೆಯ ಬೊಂಬೆ ಕೊಲು ನೋಡಲು ನಮಗೆ ಕರೆ ಬಂತು. ಸಾಮಾನ್ಯವಾಗಿ ಹೆಂಗಸರ ಸಂಭ್ರಮ ಇದು. ನನ್ನನ್ನು ಶಿಲ್ಪಿಯೆಂದು ಕರೆದಿದ್ದರು. ಏಳು ಮೆಟ್ಟಿಲು. ಮೇಲೆ ಮರಪ್ಪಾಚಿ ದಂಪತಿ, ನಮ್ಮ ಪಟ್ಟದ ಬೊಂಬೆಗಳ ಸೋದರಸಂಬಂಧಿಗಳು, ಕೆಂಪು ಚಂದನದವು. ಕೆಳಗಿನಿಂದ ಎರಡನೆಯದರಲ್ಲಿ ದಶಾವತಾರ. ಕೂರ್ಮನಿಗೂ ನರಸಿಂಹನಿಗೂ ನಡುವೆ ನನ್ನ ಆನೆ, ಹಣೆಯಲ್ಲಿ ಕುಂಕುಮ, ಗಾಲಿ ಕಾಣದಂತೆ ಸುತ್ತ ರೇಷ್ಮೆ ತುಂಡು. ಅದರ ಕೆಳಗೆ ಅಕ್ಕಿ ಬೇಳೆ ಮಾರುತ್ತ ಕೂತ ಚೆಟ್ಟಿಯಾರ್ ದಂಪತಿ, ನಮ್ಮ ಕಡೆಯ ಶೆಟ್ಟಿ ಶೆಟ್ಟಿತಿಯರೇ. ಬಂದವರು ವರಾಹನಿಗೆ ಕೈಮುಗಿದು ನನ್ನ ಕಡೆ ತಿರುಗಿ ತಲೆದೂಗುತ್ತಿದ್ದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದಾಗ ಇಂಥ ಮರ್ಯಾದೆ ಕಂಡವನಲ್ಲ. ವಿನಯದಿಂದ ಸುಂಡಲ್ ತಿನ್ನುತ್ತ ಕೂತೆ.

ಒಬ್ಬ ಹುಡುಗಿ ಪುರಂದರದಾಸರ ದೇವರನಾಮ ಎತ್ತಿಕೊಂಡಳು. ಕನ್ನಡದವನೆಂದು ಎಲ್ಲರ ಕಣ್ಣು ನನ್ನ ಮೇಲೆ, ಉಚ್ಚಾರ ಸರಿಯೇ ಎಂದು. ಕಣ್ಣು ಮುಚ್ಚಿ ತಾಳ ಹಾಕುತ್ತ ಮೆಚ್ಚುಗೆ ಸೂಸಿದೆ. ಒಂದು ಕಣ್ಣು ತೆರೆದಾಗ, ರೇಷ್ಮೆಯ ಅಂಚಿನಿಂದ ಎರಡು ಬೆರಳಷ್ಟು ಕೆಂಪು ಹಗ್ಗ ಇಣುಕುತ್ತಿದ್ದದ್ದು ಕಂಡಿತು. ಮೊಮ್ಮಗ ಅದನ್ನು ನನಗಿಂತ ಮೊದಲೇ ಕಂಡಿದ್ದ. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಹುಬ್ಬಿನಲ್ಲೇ ಬೇಡ ಎಂದೆ. ನನ್ನ ಹುಬ್ಬು ಸಂಗೀತಕ್ಕೆ ಕುಣಿಯಿತೆಂದುಕೊಂಡ ಹುಡುಗಿ ಅದೇ ಸಾಲನ್ನು ಇನ್ನೊಮ್ಮೆ, ಇನ್ನಷ್ಟು ವಿಸ್ತಾರವಾಗಿ ಹಾಡಿದಳು. ಮೊಮ್ಮಗ ಕೂತಲ್ಲಿಂದಲೇ ಒಂದು ಗೇಣು ಜರುಗಿದ. ಇವಳಿಗೆ ಸನ್ನೆ ಮಾಡಿದೆ. ನೀರು ಬೇಕೇನೋ ಎಂದು ಲೋಟ ಚಾಚಿದಳು. ಪರವಾಗಿಲ್ಲ, ಗಾಲಿ ತಿರುಗುವುದಿಲ್ಲವಲ್ಲ ಎಂದು ಧೈರ್ಯ ತಂದುಕೊಂಡೆ. ಜೀವನದಲ್ಲಿ ಮೊದಲ ಬಾರಿ ನನ್ನ ಕೈಕೆಲಸದ ಬಗ್ಗೆ ಕೃತಜ್ಞತೆ ಹುಟ್ಟಿತು.

ಮರೆತದ್ದು ಒಂದೇ. ಮಾಮಿಯ ಮಗಳು ಅಮೆರಿಕದಿಂದ ಕೂಸಿನ ಜೊತೆ ಬಂದಿದ್ದಳು, ಆ ಹಾಲಿನಲ್ಲಿ ನವರಾತ್ರಿ ಶುರುವಾದಾಗಿನಿಂದ ಹಗಲೂ ರಾತ್ರಿ ಏಸಿ ಓಡುತ್ತಿತ್ತು. ಒಣಗಾಳಿಗೆ ಅಚ್ಚು ಕುಗ್ಗಿ ಸಡಿಲಾಗಿತ್ತು. ಹುಡುಗ ಹಗ್ಗ ಹಿಡಿದು ಎಳೆದ. ವರಾಹಸ್ವಾಮಿ, ನಾನು ಕನಸಿನಲ್ಲೂ ಕಾಣದ ನಯದಿಂದ, ರೇಷ್ಮೆ ಹೊದ್ದುಕೊಂಡೇ ಉರುಳಿದ. ಮೆಟ್ಟಿಲಿಂದ ಚೆಟ್ಟಿಯಾರ್ ಅಂಗಡಿಗೆ ಧುಮುಕಿದ, ಅಕ್ಕಿ ಬೇಳೆ ಚೆಲ್ಲಿ ಗ್ರಾನೈಟಿನ ಮೇಲೆ ಸುಯ್ಯೆಂದು ನಡೆದ. ಒಂದಿಷ್ಟೂ ಓಲಾಟವಿಲ್ಲ, ಸದ್ದಿಲ್ಲ. "ನೋಡೇ, ಎಷ್ಟು ಚೆನ್ನಾಗಿ ಓಡುತ್ತೆ!" ಎಂದು ನಾನು ಕೂಗಿದ್ದು ಹಾಡು ನಿಂತ ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿತು.

"ಆನೆ!" ಎಂದ ಮೊಮ್ಮಗ, ಅಷ್ಟೇ ಜೋರಾಗಿ. ಎತ್ತಿ, ಕುಂಕುಮದ ಸಮೇತ ಮೂತಿಯನ್ನು ಬಾಯಿಗಿಟ್ಟುಕೊಂಡ.

ಇವಳು ಕುಂಕುಮ ಒರೆಸಲು ಓಡಿದಳು. ನಾನು ಬಗ್ಗಿ ಚೆಟ್ಟಿಯಾರರ ತೊಗರಿಬೇಳೆ ಆರಿಸತೊಡಗಿದೆ. ಮಾಮಿ ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತವರು, ಕೊನೆಗೆ, "ಭೂಮಿಯನ್ನು ಎತ್ತಿ ತರಕ್ಕೆ ಹೊರಟಿದ್ದಾರೆ, ಬಿಡಿ" ಎಂದು ನಕ್ಕರು. ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅಕ್ಕಿ ಬಳಿಯುತ್ತಲೇ ದನಿ ತಗ್ಗಿಸಿ ಕೇಳಿದರು: "ಕಲ್ಕಿಯ ಕುದುರೆಗೂ ಕಾಲು ಮುರಿದಿದೆ ಸಾರ್. ಮುಂದಿನ ವರ್ಷಕ್ಕೆ ಆಗುತ್ತಾ? ಗಾಲಿ ಮಾತ್ರ ಬೇಡ."

ಆಗುತ್ತೆ ಮಾಮಿ, ಅದಕ್ಕೇನಂತೆ, ಎಂದೆ. ಕಾಲಿನ ಎಳೆ ಉದ್ದಕ್ಕಿರಬೇಕು ಅನ್ನುವುದೂ ಈಗ ಗೊತ್ತಲ್ಲ ಎಂದು ಇವಳತ್ತ ತಿರುಗಿದರೆ, ಅವಳು ಆಗಲೇ ಮಾಮಿಯ ಮಗಳ ಫೋನಿನಲ್ಲಿ ಆನ್‌ಲೈನ್ ಕುದುರೆಗಳ ಬೆಲೆ ನೋಡುತ್ತಿದ್ದಳು.